ನರ ಮುಟ್ಟಿ ನೋಡುವ ಕೈಗಳು

‘ಯಾಕ್ರಿ ಮಾಸ್ತರ, ಒಂದ ಚಪ್ಪಲಿ ಮ್ಯಾಲ ಬಂದೀರಲ್ಲ?’ ಎಂದು ಗೋಗಿಯ ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯವರು ಕೇಳಿದಾಗಲೇ ನಾನು ಕೆಳಗೆ ನೋಡಿಕೊಂಡದ್ದು. ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅದು ಎಲ್ಲಿ ಕಳಚಿತೆಂಬುದು ಕಾಲಿಗೇ ತಿಳಿದಿರಲಿಲ್ಲ. ಬಂದ ದಾರಿಯಲ್ಲಿ ಹಿಂದಿರುಗಿ ಹುಡುಕಿದೆ. ಚಂದಾ ಹುಸೇನಿ ದರ್ಗಾದ ತಿರುವಿನಲ್ಲಿ, ನಾನು ದಾಟಿ ಬಂದಿದ್ದ ಜಲ್ಲಿಕಲ್ಲುಗಳ ನಡುವೆ ಅದು ಬಿದ್ದಿತ್ತು. ಅಷ್ಟು ದೂರ ಬರಿಗಾಲಿನಲ್ಲಿ ಜಲ್ಲಿ ತುಳಿದು ಬಂದಿದ್ದೆ; ಹಿಮ್ಮಡಿಯ ಪಕ್ಕದಲ್ಲಿ ರಕ್ತ ಒಸರುತ್ತಿತ್ತು. 2017ರ ಡಿಸೆಂಬರ್ ತಿಂಗಳು ಅದು, ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ.

ಮರಳಿ ಅಂಗಡಿಗೆ ಬಂದಾಗ ನನಗೆ ಚಹಾ ಬಂದದ್ದು ಎಂದಿನ ಗಾಜಿನ ಲೋಟದಲ್ಲಲ್ಲ, ಕಾಗದದ ಕಪ್ಪಿನಲ್ಲಿ. ಅದರ ಅರ್ಥ ಆ ಕ್ಷಣಕ್ಕೆ ಹೊಳೆಯಲಿಲ್ಲ. ಕಾಲಿಗೆ ತಿಳಿಯದೆ ಚಪ್ಪಲಿ ಕಳಚುವುದು ನಮ್ಮ ಸೀಮೆಯಲ್ಲಿ ತಲೆಮಾರುಗಳಿಂದ ಒಂದೇ ಒಂದು ರೋಗದ ಗುರುತು. ಆ ರೋಗದ ಹೆಸರನ್ನು ಮನೆಯೊಳಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಗಡಿಯವರನ್ನು ನಾನು ದೂರುತ್ತಿಲ್ಲ. ಅವರ ಊಹೆ ತಪ್ಪಾಗಿತ್ತು, ಆದರೆ ದಿಕ್ಕು ತಪ್ಪಿರಲಿಲ್ಲ. ತೊಂದರೆ ಇರುವುದು ನರದಲ್ಲಿ ಎಂಬುದನ್ನು ಯಾವ ಪದವಿಯೂ ಇಲ್ಲದ ಆ ಮನುಷ್ಯ ಅರೆಗಳಿಗೆಯಲ್ಲಿ ಗುರುತಿಸಿದ್ದರು. ಪದವಿ ಪಡೆದವರಿಗೆ ಅಷ್ಟನ್ನು ಒಪ್ಪಿಕೊಳ್ಳಲು ಮುಂದೆ ಮೂರು ವಾರ ಬೇಕಾಯಿತು.

ನನಗಿದ್ದದ್ದು ರಕ್ತನಾಳಗಳ ಉರಿಯೂತ. ವೈದ್ಯರು ಇದನ್ನು ವ್ಯಾಸ್ಕುಲೈಟಿಸ್ ಎನ್ನುತ್ತಾರೆ. ಹೊರಗಿನ ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ರಕ್ತನಾಳಗಳ ಗೋಡೆಯ ಮೇಲೆ ತಿರುಗಿ ಬೀಳುತ್ತದೆ. ಗೋಡೆ ಊದಿಕೊಂಡು ಒಳದಾರಿ ಕಿರಿದಾಗುತ್ತದೆ, ಕೊನೆಗೆ ಮುಚ್ಚಿಹೋಗುತ್ತದೆ. ನರಗಳಿಗೂ ಆಹಾರ ಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತನಾಳಗಳು ಪ್ರತಿ ನರದ ಉದ್ದಕ್ಕೂ ಹಬ್ಬಿಕೊಂಡು ಅದನ್ನು ಸಾಕುತ್ತಿರುತ್ತವೆ. ಅವು ಮುಚ್ಚಿದರೆ ನರ ಸಾಯುತ್ತದೆ. ಇಲ್ಲಿ ಕಾಯಿಲೆ ನರದ್ದಲ್ಲ, ನರಕ್ಕೆ ನೀರುಣಿಸುವ ಕಾಲುವೆಯದು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೇಲೆಲ್ಲೋ ಒಂದು ತೂಬು ಕಟ್ಟಿಕೊಂಡರೆ ಮೊದಲು ಒಣಗುವುದು ಅವರ ಪೈರು. ತೊಡೆಯ ನಡುಭಾಗ ಮತ್ತು ಮೇಲ್ದೋಳಿನ ನಡುಭಾಗ ನರಗಳ ಪಾಲಿಗೆ ಅಂಥ ಕೊನೆಯ ಹೊಲಗಳು. ಮೇಲಿನಿಂದ ಬರುವ ರಕ್ತ ಮತ್ತು ಕೆಳಗಿನಿಂದ ಬರುವ ರಕ್ತ ಎರಡೂ ಅಲ್ಲಿಗೆ ತಲುಪುವಾಗ ಸೊರಗಿರುತ್ತವೆ. ಪಾದವನ್ನು ಮೇಲೆತ್ತುವ ನರ ಈ ರೋಗದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುತ್ತದೆ. ಪಾದ ಜೋತುಬೀಳುತ್ತದೆ, ಹೆಬ್ಬೆರಳು ನೆಲಕ್ಕೆ ತಡವರಿಸುತ್ತದೆ, ಚಪ್ಪಲಿ ನಿಲ್ಲುವುದಿಲ್ಲ.

ಈ ರೋಗದ ಮೊದಲ ಸ್ಪಷ್ಟ ದಾಖಲೆ 1866ರದು. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯರ ಬಳಿಗೆ 27 ವರ್ಷದ ಒಬ್ಬ ದರ್ಜಿ ಬಂದ. ಜ್ವರ, ಹೊಟ್ಟೆನೋವು, ಕೈಕಾಲುಗಳಲ್ಲಿ ಜೋಮು, ದಿನದಿಂದ ದಿನಕ್ಕೆ ಕರಗುತ್ತಿದ್ದ ಸ್ನಾಯುಗಳು. ಸುಮಾರು ಒಂದು ತಿಂಗಳಲ್ಲಿ ಆತ ತೀರಿಕೊಂಡ. ಕುಸ್‌ಮೌಲ್ ಮತ್ತು ರೋಗಶಾಸ್ತ್ರಜ್ಞ ರುಡಾಲ್ಫ್ ಮೈಯರ್ ಶವವನ್ನು ಪರೀಕ್ಷಿಸಿದಾಗ ಅಪಧಮನಿಗಳ ಉದ್ದಕ್ಕೂ ಸಣ್ಣ ಸಣ್ಣ ಗಂಟುಗಳು ಕಂಡವು. ಸೂಜಿ ಹಿಡಿಯುವ ಬೆರಳುಗಳೇ ಕೈಕೊಟ್ಟ ಆ ದರ್ಜಿಯ ವೃತ್ತಾಂತವನ್ನು ಮುಂದೆ ಆಸ್ಪತ್ರೆಯ ಹಾಸಿಗೆಯಲ್ಲಿ ಓದುವಾಗ ನನಗೆ ನನ್ನ ಸೀಮೆಸುಣ್ಣದ ನೆನಪಾಯಿತು. ಚಪ್ಪಲಿ ಕಳಚಿದ ಒಂಬತ್ತನೆಯ ದಿನ, ಹತ್ತನೆಯ ತರಗತಿಗೆ ಸಮೀಕರಣ ಬಿಡಿಸುತ್ತಿದ್ದಾಗ, ಬಲಗೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಮರಗಟ್ಟಿದ್ದವು. ಎಡಗಾಲು, ನಂತರ ಬಲಗೈ: ಈ ಎಡಬಿಡಂಗಿ ಜೋಡಿಯೇ ರೋಗದ ಸಹಿ ಎಂದು ಆಗ ನನಗೂ ಗೊತ್ತಿರಲಿಲ್ಲ, ನನ್ನನ್ನು ನೋಡಿದವರಿಗೂ ಹೊಳೆಯಲಿಲ್ಲ.

ಹೊಳೆಯದಿರುವುದಕ್ಕೆ ಕಾರಣಗಳಿದ್ದವು. ಈ ಅಪರೂಪದ ರೋಗದ ಮುಂದೆ ನಮ್ಮ ಭಾಗದಲ್ಲಿ ಮೂರು ಸಾಮಾನ್ಯ ಹೆಸರುಗಳು ಸಾಲಾಗಿ ನಿಂತಿವೆ. ಒಂದೊಂದನ್ನೂ ದಾಟಿಯೇ ಇದರ ಬಳಿಗೆ ಬರಬೇಕು.

ಮೊದಲನೆಯದು ನಮ್ಮವರು ‘ಇಸ್ನೋಫೀಲಿಯಾ’ ಎಂದು ಕರೆಯುವುದು. ನನಗೆ ನಲವತ್ತು ದಾಟಿದ ಮೇಲೆ ಅಸ್ತಮಾ ಶುರುವಾಗಿತ್ತು. ಮೂಗಿನಲ್ಲಿ ದುರ್ಮಾಂಸ ಬೆಳೆದು ಒಮ್ಮೆ ತೆಗೆಸಿಕೊಂಡದ್ದೂ ಉಂಟು. ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ ಐದಾರು ಇರಬೇಕಾದ ಇಯೋಸಿನೊಫಿಲ್ ಎಂಬ ಬಿಳಿರಕ್ತಕಣ 28ಕ್ಕೆ ಏರಿತ್ತು. ಯಾದಗಿರಿ ಆನೆಕಾಲು ರೋಗದ ಜಿಲ್ಲೆ. ಅದರ ನಿಯಂತ್ರಣಕ್ಕೆ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಪದ್ಧತಿಯನ್ನು ದೇಶದಲ್ಲಿ ಮೊದಲು ಪರೀಕ್ಷಿಸಿದ್ದೇ ಇಲ್ಲಿ. ಆನೆಕಾಲಿನ ಹುಳುವಿನಿಂದ ಶ್ವಾಸಕೋಶ ಕೆರಳಿದರೂ ಉಬ್ಬಸ ಬರುತ್ತದೆ, ಇದೇ ಕಣ ಏರುತ್ತದೆ. ಆದ್ದರಿಂದ ನನಗೆ ಮೂರು ವಾರ ಹುಳುವಿನ ಮಾತ್ರೆ ಕೊಟ್ಟದ್ದರಲ್ಲಿ ತಪ್ಪಿಲ್ಲ. ಮಾತ್ರೆಯಿಂದ ಕಣದ ಎಣಿಕೆ ಇಳಿಯಲಿಲ್ಲ ಎಂಬುದನ್ನು ಯಾರೂ ಮರಳಿ ನೋಡಲಿಲ್ಲ, ಅಷ್ಟೇ. ಅಸ್ತಮಾ, ಮೂಗಿನ ದುರ್ಮಾಂಸ, ಏರಿದ ಇಯೋಸಿನೊಫಿಲ್, ಅದರ ಮೇಲೆ ಒಂದೊಂದಾಗಿ ಸೋಲುವ ನರಗಳು: ಈ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿದವರು ನ್ಯೂಯಾರ್ಕಿನ ಇಬ್ಬರು ರೋಗಶಾಸ್ತ್ರಜ್ಞರು, ಜೇಕಬ್ ಚರ್ಗ್ ಮತ್ತು ಲೊಟೆ ಸ್ಟ್ರೌಸ್, 1951ರಲ್ಲಿ. ಬಹುಕಾಲ ಆ ಬಗೆಯ ವ್ಯಾಸ್ಕುಲೈಟಿಸ್‌ಗೆ ಅವರ ಹೆಸರೇ ಇತ್ತು. ಅದರಲ್ಲಿ ನರಕ್ಕೆ ಪೆಟ್ಟಾಗುವುದು ಅಪವಾದವಲ್ಲ. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ರೋಗಿಗಳಲ್ಲಿ ಆಗುತ್ತದೆ.

ಎರಡನೆಯ ಹೆಸರು ಸಕ್ಕರೆ ಕಾಯಿಲೆ. ಇದರ ಕತೆ ಸ್ವಲ್ಪ ವಿಚಿತ್ರ. ಉಬ್ಬಸ ಹೆಚ್ಚಾದಾಗಲೆಲ್ಲ ನಾನು ಊರಿನಲ್ಲಿ ಚಿಕಿತ್ಸೆ ನೀಡುವ ಒಬ್ಬರ ಬಳಿ ಸಣ್ಣ ಬಿಳಿ ಗುಳಿಗೆಗಳನ್ನು ತರುತ್ತಿದ್ದೆ. ನುಂಗಿದ ಮರುದಿನ ಎದೆ ಹಗುರ, ಕೀಲುಗಳು ಸಲೀಸು, ಹಸಿವು ಜೋರು. ಅವು ಸ್ಟೀರಾಯ್ಡ್ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಶಿಬಿರವೊಂದರಲ್ಲಿ ಸಕ್ಕರೆ ಹೆಚ್ಚು ಕಂಡಾಗ ಗಾಬರಿಯಾಗಿ ಆ ಗುಳಿಗೆಗಳನ್ನೆಲ್ಲ ಒಮ್ಮೆಲೇ ಬಿಟ್ಟೆ. ಒಳಗೆ ಹೊಗೆಯಾಡುತ್ತಿದ್ದ ಉರಿಯೂತವನ್ನು ಅಷ್ಟು ದಿನ ಅವು ಅರೆಬರೆಯಾಗಿ ಅದುಮಿಟ್ಟಿದ್ದವು. ಬಿಟ್ಟ ಒಂದೂವರೆ ತಿಂಗಳಲ್ಲಿ ಕಾಲು ಹೋಯಿತು. ಕಾಲು ಹೋದ ಮೇಲೆ ತೋರಿಸಿದ ಕಡೆಯಲ್ಲಿ ‘ಶುಗರ್ ಐತಿ, ಅದಕ್ಕ ಜೋಮು’ ಎಂದು ವಿಟಮಿನ್ ಇಂಜೆಕ್ಷನ್ ಕೊಟ್ಟರು. ಸಕ್ಕರೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಏಕಕಾಲಕ್ಕೆ, ಕಾಲುಚೀಲ ತೊಟ್ಟಂತೆ, ವರ್ಷಗಟ್ಟಲೆ ನಿಧಾನವಾಗಿ ಮೇಲೇರುತ್ತದೆ. ರಾತ್ರಿ ಮಲಗಿದವನು ಬೆಳಿಗ್ಗೆ ಏಳುವಷ್ಟರಲ್ಲಿ ಒಂದೇ ಪಾದ ಜೋತುಬೀಳುವುದು ಅದರ ಸಾಮಾನ್ಯ ರೀತಿಯಲ್ಲ. ನೋವಿನ ಬಗ್ಗೆಯಂತೂ ಯಾರೂ ಕೇಳಲಿಲ್ಲ. ಮುಟ್ಟಿದರೆ ತಿಳಿಯದ ಪಾದ ಮುಟ್ಟದಿದ್ದಾಗ ಉರಿಯುತ್ತಿತ್ತು. ಹೊದಿಕೆಯ ಅಂಚು ತಾಗಿದರೆ ಕೆಂಡ ಸುರಿದಂತಾಗುತ್ತಿತ್ತು. ಮರಗಟ್ಟುವಿಕೆ ಮತ್ತು ಉರಿ ಒಂದೇ ಜಾಗದಲ್ಲಿ ಹೇಗಿರುತ್ತವೆಂದು ಅನುಭವಿಸದವರಿಗೆ ಹೇಳುವುದು ಕಷ್ಟ. ಜೊತೆಗೆ ಸಂಜೆಯ ಜ್ವರ, ಎರಡು ತಿಂಗಳಲ್ಲಿ ಇಳಿದ ಒಂಬತ್ತು ಕಿಲೋ ತೂಕ.

ಮೂರನೆಯ ಹೆಸರು ಚಹಾದಂಗಡಿಯವರು ಮನಸ್ಸಿನಲ್ಲಿ ಆಡಿಕೊಂಡದ್ದು, ಕುಷ್ಠ. ಮನೆಯಲ್ಲಿ ಅದರ ಮಾತೆತ್ತಿದವರು ನನ್ನ ಅಣ್ಣ. ‘ತಮ್ಮಾ, ಒಮ್ಮೆ ತೋರಿಸಿಬಿಡು. ಇದ್ದರ ಔಷಧ ಐತಿ, ಪುಕ್ಕಟ ಕೊಡ್ತಾರ’ ಎಂದರು. ಹೆಂಡತಿ ಎರಡು ದಿನ ಅವರೊಡನೆ ಮಾತು ಬಿಟ್ಟಳು. ಕೊನೆಗೆ ಹೋದೆವು. ಆ ಭೇಟಿಯೇ ನನ್ನ ಬಲಗೈಯನ್ನು ಉಳಿಸಿತು.

ಅಲ್ಲಿದ್ದವರು ವೈದ್ಯರಲ್ಲ. ಕುಷ್ಠರೋಗ ನಿಯಂತ್ರಣದಲ್ಲಿ ದಶಕಗಳ ಕಾಲ ದುಡಿದು, ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಆರೋಗ್ಯ ಕಾರ್ಯಕರ್ತರು. ಅಂಗಿ ಬಿಚ್ಚಿಸಿ ಕಿಟಕಿಯ ಬೆಳಕಿಗೆ ನಿಲ್ಲಿಸಿ ಮೈಯನ್ನೆಲ್ಲ ನೋಡಿದರು, ಮಚ್ಚೆಗಳಿರಲಿಲ್ಲ. ಆಮೇಲೆ ಮೂರು ಬೆರಳುಗಳನ್ನು ನನ್ನ ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಇಟ್ಟು ನರವನ್ನು ಹಗ್ಗದಂತೆ ಉರುಳಿಸಿದರು. ಕಿವಿಯ ಕೆಳಗೆ ಕುತ್ತಿಗೆಯನ್ನು ಒಂದು ಬದಿಗೆ ತಿರುಗಿಸಿ ನೋಡಿದರು. ಮೊಣಕಾಲಿನ ಹೊರಬದಿಯ ಮೂಳೆಯ ಕುತ್ತಿಗೆಯಲ್ಲಿ ಮುಟ್ಟಿದರು. ಕುಷ್ಠದಲ್ಲಿ ಈ ಜಾಗಗಳ ನರ ಊದಿ ದಪ್ಪವಾಗಿರುತ್ತದೆ, ಕೈಗೆ ಸಿಗುತ್ತದೆ. ಬಳಿಕ ಜೇಬಿನಿಂದ ಬಾಲ್ ಪೆನ್ನು ತೆಗೆದು, ನನ್ನ ಕಣ್ಣು ಮುಚ್ಚಿಸಿ, ಅಂಗೈ ಅಂಗಾಲುಗಳ ಗೊತ್ತಾದ ಬಿಂದುಗಳಲ್ಲಿ ಹಗುರವಾಗಿ ಒತ್ತುತ್ತ ‘ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸ್ರಿ’ ಎಂದರು. ಕಿರುಬೆರಳನ್ನು ಅಗಲಿಸಲು ಹೇಳಿ ತಮ್ಮ ಬೆರಳಿನಿಂದ ತಡೆದರು. ಪಾದವನ್ನು ಮೇಲೆತ್ತಲು ಹೇಳಿದರು. ಎಲ್ಲವೂ ಸೇರಿ ಇಪ್ಪತ್ತು ನಿಮಿಷ. ಚರ್ಮದ ದ್ರವವನ್ನೂ ಪರೀಕ್ಷೆಗೆ ಕಳಿಸಿದರು, ಆದರೆ ಫಲಿತಾಂಶಕ್ಕೆ ಕಾಯಲಿಲ್ಲ. ‘ಇದು ನಮ್ಮ ರೋಗ ಅಲ್ರಿ ಮಾಸ್ತರ. ನಮ್ಮದು ಇಷ್ಟು ಅವಸರ ಮಾಡೂದಿಲ್ಲ, ಇಷ್ಟು ನೋಯಿಸೂದೂ ಇಲ್ಲ. ನರ ದಪ್ಪ ಆಗಿಲ್ಲ, ಆದರ ಸಾಯಾಕತ್ತಾವ. ಇವತ್ತೇ ಕಲಬುರ್ಗಿಗೆ ಹೋಗ್ರಿ’ ಎಂದರು. ಅದುವರೆಗೆ ನನ್ನನ್ನು ನೋಡಿದವರಲ್ಲಿ ನನ್ನ ಕಾಲನ್ನು ಮುಟ್ಟಿದ ಮೊದಲ ವ್ಯಕ್ತಿ ಅವರು.

ಈ ಲೇಖನದ ಉದ್ದೇಶ ಇರುವುದೇ ಆ ಇಪ್ಪತ್ತು ನಿಮಿಷಗಳಲ್ಲಿ. ಭಾರತದಲ್ಲಿ ಬೇರೆ ಬೇರೆ ನರಗಳು ಒಂದರ ನಂತರ ಒಂದು ಸೋಲುವುದಕ್ಕೆ ಇಂದಿಗೂ ಮುಖ್ಯ ಕಾರಣಗಳಲ್ಲಿ ಕುಷ್ಠ ಮುಂದಿದೆ ಎಂಬುದನ್ನು ನರತಜ್ಞರೆಲ್ಲರೂ ಬಲ್ಲರು. ಆದ್ದರಿಂದ ನರವನ್ನು ಮುಟ್ಟಿ ನೋಡುವ, ಸ್ಪರ್ಶವನ್ನು ಅಳೆಯುವ, ಸ್ನಾಯುವಿನ ಬಲವನ್ನು ತೂಗುವ ವಿದ್ಯೆ ನಮ್ಮ ಹಳ್ಳಿಗಳನ್ನು ತಲುಪಿದ್ದು ದೊಡ್ಡ ಆಸ್ಪತ್ರೆಗಳ ಮೂಲಕವಲ್ಲ, ಕುಷ್ಠ ನಿಯಂತ್ರಣ ಕಾರ್ಯಕ್ರಮದ ಮೂಲಕ. 1980ರ ದಶಕದಲ್ಲಿ ಬಹುವಿಧ ಔಷಧ ಚಿಕಿತ್ಸೆ ಬಂದ ಮೇಲೆ ಮನೆಮನೆ ಅಲೆದ ಆ ಕಾರ್ಯಕರ್ತರ ಬೆರಳುಗಳಲ್ಲಿ ಆ ವಿದ್ಯೆ ಇತ್ತು. ಕಾರ್ಯಕ್ರಮವನ್ನು ಸಾಮಾನ್ಯ ಆರೋಗ್ಯ ಸೇವೆಯೊಳಗೆ ವಿಲೀನ ಮಾಡಲಾಯಿತು. 2005ರ ಕೊನೆಗೆ, ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳು ಎಂಬ ಲೆಕ್ಕದಲ್ಲಿ, ರಾಷ್ಟ್ರಮಟ್ಟದ ನಿವಾರಣೆಯ ಗುರಿ ಮುಟ್ಟಿತೆಂದು ದೇಶ ಘೋಷಿಸಿಕೊಂಡಿತು. ಲೆಕ್ಕ ಸುಳ್ಳಲ್ಲ. ಆದರೆ ಆ ಬಳಿಕವೂ ಜಗತ್ತಿನಲ್ಲಿ ವರ್ಷಕ್ಕೆ ಪತ್ತೆಯಾಗುವ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವೇ. ವಿಲೀನದಿಂದ ಕಳಂಕ ತಗ್ಗಿತು, ಪ್ರತ್ಯೇಕ ಬಾಗಿಲಿನ ಅವಮಾನ ತಪ್ಪಿತು, ಅದು ಒಳ್ಳೆಯದೇ. ಜೊತೆಗೆ ಆ ಬೆರಳುಗಳೂ ಒಂದೊಂದಾಗಿ ನಿವೃತ್ತವಾದವು. ಎಲ್ಲರೂ ಎಲ್ಲವನ್ನೂ ನೋಡಬೇಕಾದ ಕಡೆ ನರವನ್ನು ನೋಡುವವರು ಯಾರೂ ಉಳಿಯುವುದಿಲ್ಲ. ನನ್ನ ಉಪಕಾರಿಯ ಸ್ಥಾನಕ್ಕೆ ಯಾರು ಬಂದರು ಎಂದು ಮುಂದೊಮ್ಮೆ ವಿಚಾರಿಸಿದಾಗ ಅಲ್ಲಿದ್ದ ಹುಡುಗ ಗಣಕಯಂತ್ರದಿಂದ ತಲೆಯೆತ್ತದೆ ‘ಅದೀಗ ಎಲ್ಲಾ ಒಂದೇ ಸೆಕ್ಷನ್ ಸರ್’ ಎಂದ.

ಅಂದೇ ಕಲಬುರ್ಗಿಗೆ ಹೋದೆವು. ನರ್ವ್ ಕಂಡಕ್ಷನ್ ಪರೀಕ್ಷೆ ಎಂದರೆ ಚರ್ಮದ ಮೇಲಿಂದ ನರಕ್ಕೆ ಸಣ್ಣ ವಿದ್ಯುತ್ ತಟ್ಟಿಸಿ ಅದು ಎಷ್ಟು ವೇಗದಲ್ಲಿ, ಎಷ್ಟು ಬಲದಿಂದ ಆಚೆ ತುದಿಗೆ ತಲುಪುತ್ತದೆಂದು ನೋಡುವುದು. ನನ್ನ ನರಗಳಲ್ಲಿ ವೇಗ ಅಷ್ಟಾಗಿ ಕುಗ್ಗಿರಲಿಲ್ಲ, ಬಲ ಕುಸಿದಿತ್ತು. ತಂತಿಯ ಹೊದಿಕೆ ಸವೆದಿಲ್ಲ, ಒಳಗಿನ ಎಳೆಗಳೇ ಕಡಿದಿವೆ ಎಂದು ಅದರ ಅರ್ಥ. ಅದೂ ಎಡಬಲ ಸಮನಾಗಿ ಅಲ್ಲ. ಅಲ್ಲಿಯ ವೈದ್ಯರು ಪತ್ರ ಬರೆದುಕೊಟ್ಟರು. ಮರುರಾತ್ರಿ ಯಾದಗಿರಿ ನಿಲ್ದಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಅಣ್ಣ ನನ್ನನ್ನು ಅಕ್ಷರಶಃ ಎತ್ತಿ ಬೋಗಿಯೊಳಗೆ ಇಟ್ಟರು. ಬೆಳಿಗ್ಗೆ ಬೆಂಗಳೂರು.

ನಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಿ ಉತ್ತರ ಕರ್ನಾಟಕದ ಮಾತು ಎಷ್ಟು ಕೇಳಿಬರುತ್ತದೆಂಬುದೇ ಒಂದು ಪ್ರತ್ಯೇಕ ಲೇಖನಕ್ಕೆ ವಸ್ತುವಾದೀತು. ವೈದ್ಯೆ ಮೊದಲು ಕೇಳಿದ್ದು ಹಳೆಯ ಕಾಗದಗಳನ್ನು. ಈಗಿನ ರಕ್ತಪರೀಕ್ಷೆಯಲ್ಲಿ ಇಯೋಸಿನೊಫಿಲ್ ಸಾಧಾರಣವಾಗಿತ್ತು. ಉಬ್ಬಸಕ್ಕೆಂದು ಹಿಂದಿನ ವಾರವಷ್ಟೇ ಯಾರೋ ಹಾಕಿದ ಎರಡು ಇಂಜೆಕ್ಷನ್ ಅದನ್ನು ಅಳಿಸಿಹಾಕಿದ್ದವು. ಹೆಂಡತಿ ಬಟ್ಟೆಯಂಗಡಿಯ ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದಳು. ‘ಎಲ್ಲಾ ಕಾಗದ ಇದರಾಗ ಅದಾವ ನೋಡ್ರಿ ಮೇಡಂ’ ಎಂದಳು. ಅದರಲ್ಲಿ ಆ 28ರ ರಿಪೋರ್ಟು ಇತ್ತು. ವೈದ್ಯೆ ಅದರ ಸುತ್ತ ಪೆನ್ನಿನಿಂದ ಒಂದು ವೃತ್ತ ಎಳೆದರು. ಇಂಥ ಚೀಲಗಳನ್ನು ಕಂಡು ನಗುವ ವಿದ್ಯಾವಂತರಲ್ಲಿ ಅಂದಿನವರೆಗೆ ನಾನೂ ಒಬ್ಬನಾಗಿದ್ದೆ.

ಖಚಿತಪಡಿಸಿಕೊಳ್ಳಲು ನರದ ಬಯಾಪ್ಸಿ ಬೇಕಿತ್ತು. ಹೊರಗಣಕಾಲಿನ ಹಿಂದೆ ಹಾದುಹೋಗುವ, ಸ್ಪರ್ಶಕ್ಕೆ ಮಾತ್ರ ಸಂಬಂಧಪಟ್ಟ ಒಂದು ಸಣ್ಣ ನರದ ತುಂಡನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತೆಗೆದ ಜಾಗದ ಮುಂದಿನ ಪಟ್ಟಿ ಮತ್ತೆಂದೂ ಸ್ಪರ್ಶ ತಿಳಿಯದಿರಬಹುದು ಎಂದು ಮೊದಲೇ ಹೇಳಿ ಸಹಿ ಪಡೆಯುತ್ತಾರೆ. ಕುಷ್ಠವಿದ್ದರೆ ಅಲ್ಲಿ ಅದರ ರೋಗಾಣುಗಳು ಬಣ್ಣ ಹಿಡಿದು ಕಾಣಬಹುದು. ನನ್ನ ತುಣುಕಿನಲ್ಲಿ ಕಂಡದ್ದು ರಕ್ತನಾಳದ ಗೋಡೆಯೊಳಗೆ ಮುತ್ತಿಕೊಂಡ ಉರಿಯೂತದ ಕಣಗಳು, ಮುಚ್ಚಿಹೋದ ಒಳದಾರಿ, ಒಂದೇ ನರದೊಳಗೆ ಒಂದು ಕಟ್ಟು ಸತ್ತು ಪಕ್ಕದ ಕಟ್ಟು ಬದುಕಿದ್ದ ಚಿತ್ರ. ಅದೃಷ್ಟ ಎನ್ನಬೇಕು, ಏಕೆಂದರೆ ರೋಗವಿದ್ದರೂ ತೆಗೆದ ತುಣುಕಿನಲ್ಲಿ ಅದು ಸಿಗದೇ ಹೋಗುವುದು ಸಾಮಾನ್ಯ. ಈ ಗುಂಪಿನ ರೋಗಗಳಲ್ಲಿ ನೋಡುವ ಆಂಕಾ ಎಂಬ ರಕ್ತಪರೀಕ್ಷೆ ನನಗೆ ಇಲ್ಲವೆಂದೇ ಬಂದಿತ್ತು. ನನ್ನ ಬಗೆಯ ರೋಗದಲ್ಲಿ ಅದು ಅರ್ಧಕ್ಕಿಂತ ಕಡಿಮೆ ಮಂದಿಯಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಯಂತ್ರ ಇಲ್ಲವೆಂದ ಮಾತ್ರಕ್ಕೆ ರೋಗ ಇಲ್ಲವೆಂದಾಗುವುದಿಲ್ಲ.

ಊರಿನಲ್ಲಿ ಅಷ್ಟರೊಳಗೆ ಇನ್ನೊಂದು ಉತ್ತರ ಸಿದ್ಧವಾಗಿತ್ತು. ಗೋಗಿ ಎಂದರೆ ಹೊರಗಿನವರಿಗೆ ಎರಡೇ ಸಂಗತಿ ಗೊತ್ತು: ಬಿಜಾಪುರದ ಆದಿಲ್‌ಶಾಹಿ ಮನೆತನದ ಮೊದಲ ಸುಲ್ತಾನರ ಸಮಾಧಿಗಳು ಮತ್ತು ನೆಲದಡಿಯ ಯುರೇನಿಯಂ. ಅದಿರಿನ ಶೋಧನೆ ಶುರುವಾದಂದಿನಿಂದ ನಮ್ಮ ಬಾವಿ, ಬೋರ್‌ವೆಲ್‌ಗಳ ನೀರಿನ ಬಗ್ಗೆ ಜನರಲ್ಲಿ ಆತಂಕವಿದೆ. ಆ ಆತಂಕ ನಿರಾಧಾರವಲ್ಲ. ಕುಡಿಯುವ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಿ ಫಲಿತಾಂಶವನ್ನು ಊರ ಮುಂದಿಡಬೇಕೆಂಬ ಬೇಡಿಕೆಯನ್ನು ನಾನೂ ಬೆಂಬಲಿಸುತ್ತೇನೆ. ಆದರೆ ‘ಮಾಸ್ತರ ಕಾಲು ಯುರೇನಿಯಂ ನೀರಿನಿಂದ ಹೋತು’ ಎಂದು ಹಬ್ಬಿದ ಮಾತನ್ನು ಒಪ್ಪಲಾರೆ. ನೀರಿನಲ್ಲಿ ಕರಗಿದ ಯುರೇನಿಯಂ ಮುಖ್ಯವಾಗಿ ಹಾನಿ ಮಾಡುವುದು ಮೂತ್ರಪಿಂಡಕ್ಕೆ. ರಕ್ತನಾಳಗಳ ಉರಿಯೂತದ ಹಿಂದೆ ಸಿಲಿಕಾ ದೂಳು, ಕೆಲವು ಔಷಧಿಗಳು, ಕೆಲವು ಬಗೆಗಳಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳ ಪಾತ್ರ ಕಂಡುಬಂದಿದೆ. ಬಹುಪಾಲು ರೋಗಿಗಳಲ್ಲಿ ‘ನನಗೇ ಏಕೆ’ ಎಂಬುದಕ್ಕೆ ಉತ್ತರವಿಲ್ಲ. ಉತ್ತರವಿಲ್ಲದಿರುವುದನ್ನು ಸಹಿಸುವುದು ಯುರೇನಿಯಂ ಅನ್ನು ಬೈಯುವುದಕ್ಕಿಂತ ಕಷ್ಟ ಎಂಬುದನ್ನೂ ಅನುಭವದಿಂದ ಬಲ್ಲೆ.

ಚಿಕಿತ್ಸೆ ರೋಗದಷ್ಟೇ ಕಠಿಣ. ಮೊದಲು ಕೆಲವು ದಿನ ರಕ್ತನಾಳದ ಮೂಲಕ ದೊಡ್ಡ ಪ್ರಮಾಣದ ಸ್ಟೀರಾಯ್ಡ್, ನಂತರ ದಿನವೂ ಮಾತ್ರೆ. ಊರಿನಲ್ಲಿ ಲೆಕ್ಕವಿಲ್ಲದೆ ನುಂಗಿದ್ದ ಅದೇ ಔಷಧ ಇಲ್ಲಿ ತೂಕ ಹಾಕಿ, ಸಕ್ಕರೆ ನೋಡಿ, ಕ್ಷಯದ ಗುರುತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂಳೆಗೆ ಸುಣ್ಣದಂಶ ಸೇರಿಸಿ ಕೊಡುವಂಥದ್ದಾಯಿತು. ಒಂದು ದಿನವೂ ತಾನಾಗಿ ಬಿಡಕೂಡದೆಂಬ ಕಟ್ಟಪ್ಪಣೆ ಬೇರೆ. ಅದರೊಡನೆ ತಿಂಗಳಿಗೊಮ್ಮೆ ಸೈಕ್ಲೋಫಾಸ್ಫಮೈಡ್, ಆರು ತಿಂಗಳು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಸಾಸಿವೆ ಅನಿಲದ ವಂಶದ ರಾಸಾಯನಿಕ ಅದು. ಕ್ಯಾನ್ಸರಿಗೆಂದು ರೂಪುಗೊಂಡ ಅದನ್ನು 1970ರ ದಶಕದಲ್ಲಿ ಅಮೆರಿಕದಲ್ಲಿ ಈ ರೋಗಗಳಿಗೆ ತಿರುಗಿಸಿದವರಲ್ಲಿ ಆಂಟನಿ ಫೌಚಿ ಒಬ್ಬರು. ಕೋವಿಡ್ ಕಾಲದಲ್ಲಿ ನಿತ್ಯ ಟಿ.ವಿ.ಯಲ್ಲಿ ಕಾಣಿಸುತ್ತಿದ್ದ ಅದೇ ಫೌಚಿ. ಸ್ಟೀರಾಯ್ಡ್ ಬರುವ ಮೊದಲು, ಕುಸ್‌ಮೌಲ್ ಕಂಡ ಬಗೆಯ ರೋಗವಿದ್ದ ನೂರು ಮಂದಿಯಲ್ಲಿ ಐದು ವರ್ಷ ಬದುಕುತ್ತಿದ್ದವರು ಸುಮಾರು 13. ಸ್ಟೀರಾಯ್ಡ್ ಅದನ್ನು ಅರ್ಧದ ಹತ್ತಿರಕ್ಕೆ, ಈ ಎರಡನೆಯ ಔಷಧ 80ರ ಹತ್ತಿರಕ್ಕೆ ಒಯ್ದವು. ಈಗ ರಿಟುಕ್ಸಿಮ್ಯಾಬ್ ಕೂಡ ಬಳಕೆಯಲ್ಲಿದೆ. ಅದರ ಭಾರತೀಯ ರೂಪ 2007ರಲ್ಲಿ ಹೈದರಾಬಾದಿನ ಕಂಪನಿಯೊಂದರಿಂದ ಹೊರಬಂತು. ಆದರೂ ಅದು ಒಬ್ಬ ಹೈಸ್ಕೂಲು ಮಾಸ್ತರರ ಸಂಬಳಕ್ಕೆ ಎಟುಕುವಂಥದ್ದಲ್ಲ.

ಔಷಧ ಬೆಂಕಿಯನ್ನು ಆರಿಸಿತು. ಸುಟ್ಟದ್ದನ್ನು ಬೆಳೆಸಿಕೊಳ್ಳಬೇಕಾದದ್ದು ನರವೇ. ಕಡಿದ ನರದ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಬೆಳೆದರೆ. ತೊಡೆಯ ನಡುವಿನಿಂದ ಪಾದದವರೆಗೆ ಅಳತೆಪಟ್ಟಿ ಹಿಡಿದು ನಾನೇ ಲೆಕ್ಕ ಹಾಕಿದೆ: ಅರವತ್ತು ಸೆಂಟಿಮೀಟರ್, ಆರುನೂರು ದಿನ. ಗಣಿತದ ಮಾಸ್ತರನಿಗೆ ಇದಕ್ಕಿಂತ ಸರಳವಾದ, ಇದಕ್ಕಿಂತ ದೀರ್ಘವಾದ ಲೆಕ್ಕ ಸಿಕ್ಕಿರಲಿಲ್ಲ. ಪಾದ ಜೋತುಬೀಳದಂತೆ ಪ್ಲಾಸ್ಟಿಕ್ಕಿನ ಆಧಾರಪಟ್ಟಿ ಕಟ್ಟಿ ಶಾಲೆಗೆ ಮರಳಿದೆ. ಬಲಗೈಯ ಬಲ ಹೆಚ್ಚುಕಡಿಮೆ ಪೂರ್ತಿ ಬಂತು, ಏಕೆಂದರೆ ಅಲ್ಲಿ ಚಿಕಿತ್ಸೆ ಹತ್ತು ದಿನಗಳೊಳಗೆ ತಲುಪಿತ್ತು. ಎಡಪಾದ ಅರ್ಧ ಬಂದಿದೆ. ಹೆಬ್ಬೆರಳು ಇಂದಿಗೂ ಮೇಲೇಳುವುದಿಲ್ಲ. ಎರಡೂ ಒಂದೇ ದೇಹದ ಅಂಗಗಳು, ರೋಗ ಒಂದೇ, ಔಷಧ ಒಂದೇ. ನಡುವಿನ ವ್ಯತ್ಯಾಸವೆಂದರೆ ಒಂಬತ್ತು ದಿನ ಮತ್ತು ಮೊದಲ ಪೆಟ್ಟಿನ ಆಳ.

2022ರಲ್ಲಿ ಯಾದಗಿರಿಗೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. 371(ಜೆ) ವಿಧಿಯ ತಿದ್ದುಪಡಿಗಾಗಿ ದಶಕಗಳ ಕಾಲ ಹೋರಾಡಿದ ನಾಡಿಗೆ ಇದು ಸಣ್ಣ ಮಾತಲ್ಲ. ಅದೇ ವರ್ಷ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಮೂರ್ಛೆ, ತಲೆನೋವು, ಮರೆವಿನ ಕಾಯಿಲೆಗಳತ್ತ ಪ್ರಾಥಮಿಕ ಹಂತದ ವೈದ್ಯರನ್ನು ಸಜ್ಜುಗೊಳಿಸುವ ಉದ್ದೇಶದ್ದು. ಅದರ ಪಟ್ಟಿಗೆ ಕೈಕಾಲಿನ ನರಗಳನ್ನೂ ಸೇರಿಸಬೇಕೆಂಬುದು ನನ್ನ ಕೋರಿಕೆ. ಹೊಸ ಕಟ್ಟಡ ಬೇಕಾಗಿಲ್ಲ. ಒಂದು ಬಾಲ್ ಪೆನ್ನು, ಕುಷ್ಠ ಕಾರ್ಯಕ್ರಮದ ಕಪಾಟಿನಲ್ಲಿ ಉಳಿದಿರಬಹುದಾದ ಪರೀಕ್ಷಾ ನಮೂನೆ, ಅದನ್ನು ತುಂಬಲು ಬಲ್ಲ ನಿವೃತ್ತರಲ್ಲಿ ಇನ್ನೂ ಗಟ್ಟಿಯಾಗಿರುವ ಕೆಲವರು. ಅವರನ್ನು ವಾರಕ್ಕೊಂದು ದಿನ ಹೊಸ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿದರೆ ಸಾಕು. ಒಂದು ಬದಿಯಲ್ಲಿ ಮಾತ್ರ, ದಿನಗಳ ಅವಧಿಯಲ್ಲಿ, ನೋವಿನೊಡನೆ ಬಂದ ಮರಗಟ್ಟುವಿಕೆ ಮುಂದಿನ ವಾರಕ್ಕೆ ಮುಂದೂಡುವಂಥದ್ದಲ್ಲ ಎಂಬ ಒಂದು ವಾಕ್ಯವನ್ನಾದರೂ ಅವರು ಕಲಿಸಿಯಾರು. ಜಿಲ್ಲಾ ಮಟ್ಟದಲ್ಲಿ ನರ್ವ್ ಕಂಡಕ್ಷನ್ ಯಂತ್ರವೊಂದು ದಿನವೂ ಕೆಲಸ ಮಾಡುವಂತಿದ್ದರೆ ಉಳಿದದ್ದನ್ನು ರೈಲು ನೋಡಿಕೊಳ್ಳುತ್ತದೆ.

ಕಳೆದ ವರ್ಷ ಗೋಗಿಯಲ್ಲಿ ಅದೇ ಚಹಾದಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಅಳಿಯನಿಗೆ ಕಿರುಬೆರಳು ಮರಗಟ್ಟಿದೆಯಂತೆ, ಆರು ತಿಂಗಳಿಂದ, ನೋವೇನೂ ಇಲ್ಲ. ‘ನಿಮ್ಮದೇ ರೋಗ ಇರಬೇಕ್ರಿ, ಬೆಂಗಳೂರು ದವಾಖಾನಿ ವಿಳಾಸ ಕೊಡ್ರಿ’ ಎಂದರು. ಹುಡುಗನ ಮೊಣಕೈಯನ್ನು ಹಿಡಿದು, ಎಂದೋ ನನ್ನ ಕೈಯ ಮೇಲೆ ಕಂಡಿದ್ದಂತೆ, ಮೂಳೆಯ ಹಿಂದೆ ಮೂರು ಬೆರಳಿಟ್ಟೆ. ನರ ಹಗ್ಗದಂತೆ ದಪ್ಪವಾಗಿ ಕೈಗೆ ಸಿಕ್ಕಿತು. ಮುಂಗೈಯ ಮೇಲೆ ಒಂದು ಮಂಕು ಮಚ್ಚೆ. ಬೆಂಗಳೂರಿನ ವಿಳಾಸ ಕೊಡಲಿಲ್ಲ, ಶಹಾಪುರದ ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಅವನ ಆರು ತಿಂಗಳ ಮಾತ್ರೆ ಈಗ ಮುಗಿದಿದೆ. ನನ್ನದು ಇನ್ನೂ ನಡೆದಿದೆ.